ಬೆಲ್ ಒತ್ತಿ ಓಡುವ ಹುಡುಗ

ರಿಮೋಟಿನಲ್ಲಿ ಹಿಂದಕ್ಕೆ ಹೋಗುವ ಗುಂಡಿ ಕೆಟ್ಟಿತ್ತು. ಮುಂದಕ್ಕೆ ಹೋಗುತ್ತಿತ್ತು, ನಿಲ್ಲಿಸಿದರೆ ನಿಲ್ಲುತ್ತಿತ್ತು. ಹಿಂದಕ್ಕೆ ಬರಬೇಕಾದರೆ ಮಾತ್ರ ಹೆಬ್ಬೆರಳ ಉಗುರನ್ನು ಗುಂಡಿಯ ಅಂಚಿಗೆ ಕೊಟ್ಟು ಒತ್ತಿ ಹಿಡಿದು, ಭಿಕ್ಷೆಗೆ ಚಾಚಿದಂತೆ ಕೈಯನ್ನು ಪರದೆಯ ಕಡೆ ಚಾಚಬೇಕಿತ್ತು. ಆಗಲೂ ಅದು ತನಗೆ ಮನಸ್ಸು ಬಂದಾಗಷ್ಟೇ ಕೇಳುತ್ತಿತ್ತು. ವೆಂಡೆಲ್ ನೊವೊಟ್ನಿ ಬೆಳಗಿನಿಂದ ಹೀಗೆ ಕೈ ಚಾಚಿಕೊಂಡು ಕೂತಿದ್ದ. ಕಳೆದ ವರ್ಷ ಈ ಕಾಲೇಜಿನವರು ತಮ್ಮ ಅಮೆರಿಕನ್ ಫುಟ್‌ಬಾಲ್ ಆಟಗಾರರ ಕೋಣೆಗೆ ಕ್ಷೌರದ ಕುರ್ಚಿಗಳನ್ನೂ ಗೋಡೆಯ ಮೇಲೆ ನೀರು ಸುರಿಯುವ ಕೃತಕ ಜಲಪಾತವನ್ನೂ ಹಾಕಿಸಿದ್ದರು. ವೃತ್ತಿ ಕ್ಲಬ್ಬುಗಳಿಂದ ಹುಡುಗರನ್ನು ಪರೀಕ್ಷಿಸಲು ಬರುವ ತನ್ನಂಥವರಿಗೆ ಕೊಟ್ಟದ್ದು ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ, ಕಿಟಕಿಯಿಲ್ಲದ ಈ ಕೋಣೆ ಮತ್ತು ಈ ರಿಮೋಟು. ಗೋಡೆಯಾಚೆ ಎಪ್ಪತ್ತು ಎಂಬತ್ತು ಹುಡುಗರ ಬೆವರಿನ ಬಟ್ಟೆಗಳು ದಡಬಡ ಉರುಳುತ್ತಿದ್ದವು. ನೋಡಿದ್ದನ್ನು ಮತ್ತೆ ನೋಡುವುದೇ ತನ್ನ ಕೆಲಸ. ಹಿಂದಕ್ಕೆ ಹೋಗದ ಯಂತ್ರ ಕೊಟ್ಟು, ಹುಡುಗನೊಬ್ಬನ ಮುಂದಿನ ಹತ್ತು ವರ್ಷ ಹೇಗಿರುತ್ತದೆ ಹೇಳು ಎಂದರೆ ಏನು ಹೇಳುವುದು? ಸಂಜೆ ಫೋನು ಬರುತ್ತದೆ. ಕ್ಲಬ್ಬಿನ ಆಯ್ಕೆಯ ಮುಖ್ಯಸ್ಥ ರೋಲಂಡ್ ಬ್ಯಾಸೆಟ್, ಕೇಲಬ್ ವಾಂಡರ್‌ವೀಲ್ ಎಷ್ಟನೇ ಸುತ್ತಿನ ಆಟಗಾರ ಎಂದು ಕೇಳುತ್ತಾನೆ. ವರ್ಷಕ್ಕೊಮ್ಮೆ ಕ್ಲಬ್ಬುಗಳು ಏಳು ಸುತ್ತುಗಳಲ್ಲಿ, ಸರದಿಯಂತೆ, ಕಾಲೇಜು ಹುಡುಗರನ್ನು ಆರಿಸಿಕೊಳ್ಳುತ್ತವೆ. ಮೂರನೇ ಸುತ್ತಿನಲ್ಲಿ ಆರಿಸಿದರೆ ಹುಡುಗನಿಗೆ ನಾಲ್ಕು ವರ್ಷದ ಕರಾರು, ಕಲಿಯಲು ಕಾಲ, ತಪ್ಪು ಮಾಡಲು ಅವಕಾಶ. ಏಳನೆಯದರಲ್ಲಿ ಆರಿಸಿದರೆ ಬೇಸಿಗೆ ಮುಗಿಯುವ ಮೊದಲೇ ಚೀಲ ಕಟ್ಟಿಕೊಂಡು ಊರಿಗೆ.

ಪರದೆಯ ಮೇಲೆ ಸಾಲಿನ ತುದಿಯಲ್ಲಿ ಕೇಲಬ್ ಒಂದು ಕೈ ನೆಲಕ್ಕೂರಿ ಬಗ್ಗಿದ್ದ. ಟೈಟ್ ಎಂಡ್ ಎನ್ನುವ ಈ ಜಾಗದವನ ಪಾಡೇ ಅದು, ಎರಡು ಮನೆಯ ಸೊಸೆಯ ಪಾಡು. ಒಂದು ಸಲ ಎದುರಿನ ದಾಂಡಿಗನಿಗೆ ಮೈಕೊಟ್ಟು ಗೋಡೆಯಂತೆ ತಡೆಯಬೇಕು, ಮರುಸಲ ಅದೇ ಮೈಯನ್ನು ಹಗುರ ಮಾಡಿಕೊಂಡು ಓಡಿ ಚೆಂಡು ಹಿಡಿಯಬೇಕು. ಕೇಲಬ್ ಹಿಡಿಯುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆರಡಿ ಐದಿಂಚಿನ ಹುಡುಗ, ಅಗಲ ಅಂಗೈ, ಚೆಂಡು ಬಂದರೆ ಸದ್ದಿಲ್ಲದೆ ಒಳಗೆ ಸೇರಿಸಿಕೊಳ್ಳುವ ಬೆರಳು. ಅನುಮಾನವಿದ್ದದ್ದು ತಡೆಯುವುದರಲ್ಲಿ. ವೆಂಡೆಲ್ ಅವನ ಸೊಂಟ ನೋಡಿದ, ಹಿಮ್ಮಡಿ ನೋಡಿದ. ಇಪ್ಪತ್ತಾರು ವರ್ಷದಿಂದ ಅವನು ಮನುಷ್ಯರನ್ನು ಸೊಂಟದಿಂದ ಕೆಳಗೇ ನೋಡುತ್ತ ಬಂದಿದ್ದ. ಮಗಳ ಮದುವೆಯಲ್ಲಿ ಅಳಿಯ ಕುಣಿಯುವಾಗ, ಇವನ ಸೊಂಟ ಬಿಗಿ, ದಿಕ್ಕು ಬದಲಿಸಲು ತಡಮಾಡುತ್ತಾನೆ ಎಂದು ಅನಿಸಿಬಿಟ್ಟಿತ್ತು. ಹೆಂಡತಿ ಜೋಆನ್ ಅವನ ಮುಖ ನೋಡಿಯೇ ತಿಳಿದು, 'ಇವತ್ತೊಂದು ದಿನ ಯಾರಿಗೂ ದರ್ಜೆ ಕೊಡಬೇಡ, ನಿನ್ ದಮ್ಮಯ್ಯ' ಎಂದಿದ್ದಳು. ಈಗ ಪರದೆಯಲ್ಲಿ ಚೆಂಡು ಎದ್ದಿತು. ಕೇಲಬ್ ಎದುರಿನ ಅಂಚಿನ ಆಟಗಾರನ ಪಕ್ಕೆಲುಬಿಗೆ ಒಂದೇ ಒಂದು ಸಲ ಕೈಯಿಟ್ಟು ಒತ್ತಿ, ಬಿಟ್ಟು, ಒಳಗೆ ನುಗ್ಗಿ, ಹಿಂದೆ ಎದುರಾಳಿಗಳ ಎರಡನೇ ಸಾಲಿನಲ್ಲಿ ನಿಂತವನನ್ನು ಹೋಗಿ ತಡೆದ. ಅವನು ಬಿಟ್ಟವನನ್ನು ಪಕ್ಕದಲ್ಲಿದ್ದ ಸ್ವಂತ ತಂಡದ ದಪ್ಪ ಹುಡುಗ ವಹಿಸಿಕೊಳ್ಳಬೇಕಿತ್ತು. ಆ ದಪ್ಪ ಹುಡುಗನ ಕಾಲು ಜಾರಿತು. ಬಿಟ್ಟವನು ನೆಟ್ಟಗೆ ಹೋಗಿ ಚೆಂಡು ಹಿಡಿದವನನ್ನು ಕೆಡವಿದ. ವೆಂಡೆಲ್ ಉಗುರು ಒತ್ತಿದ. ಒತ್ತಿದ. ಬೈದ. ಮತ್ತೆ ಒತ್ತಿದ. ಬಂತು. ಮುಟ್ಟು, ಒಪ್ಪಿಸು, ಮುಂದಿನ ಸಾಲಿಗೆ ನುಗ್ಗು. ಅದೇ ಜೋಡಣೆಯ ಎಲ್ಲಾ ನಡೆಗಳಲ್ಲೂ ಹುಡುಗ ಮಾಡಿದ್ದು ಅದನ್ನೇ. ಅದು ಅವನಿಗೆ ಒಪ್ಪಿಸಿದ ಕೆಲಸ, ಮತ್ತು ಅದನ್ನು ಅವನು ಅಚ್ಚುಕಟ್ಟಾಗಿ ಮಾಡಿದ್ದ. ಗೋಲು ಕಂಬಗಳ ಹಿಂದಿನ ಎತ್ತರದ ಕ್ಯಾಮೆರಾದಿಂದ ನೋಡಿದರೆ ಹಸುಗೂಸಿಗೂ ಗೊತ್ತಾಗುತ್ತಿತ್ತು. ವೆಂಡೆಲ್‌ನ ಕಿವಿ ಬಿಸಿಯಾಯಿತು. ಈ ಆಟ ಅವನು ನೋಡಿರದ ಆಟವಲ್ಲ. ಸೆಪ್ಟೆಂಬರಿನಲ್ಲೇ ನೋಡಿದ್ದ, ಟೀವಿಯಲ್ಲಿ.

ಟೀವಿಯಲ್ಲಿ ಆಟ ನೋಡಿ ದರ್ಜೆ ಕೊಡಬಾರದು ಎಂದು ಹೊಸಬರಿಗೆ ಮೊದಲ ದಿನ ಹೇಳಿಕೊಡುವವನೇ ಅವನು. ಟೀವಿಯ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ಮನುಷ್ಯರನ್ನು ಅರ್ಧಕ್ಕೇ ಕತ್ತರಿಸುತ್ತದೆ. ಆ ಶನಿವಾರ ಅವನೂ ದರ್ಜೆ ಕೊಟ್ಟಿರಲಿಲ್ಲ. ಮಳೆಗೆ ವಿಮಾನ ರದ್ದಾಗಿ, ಎಲ್ಲೋ ಹೆದ್ದಾರಿ ಪಕ್ಕದ ಮೋಟೆಲಿನಲ್ಲಿ ಕಾಲುಚೀಲ ಒಣಗಲು ಹಾಕಿ, ಹಾಸಿಗೆಯ ಮೇಲೆ ಕೂತು ನೋಡಿದ್ದ, ಅಷ್ಟೇ. ಮರುದಿನ ಬೆಳಿಗ್ಗೆ ತಿಂಡಿಯ ಕೋಣೆಯಲ್ಲಿ ಬೇರೆ ಬೇರೆ ಕ್ಲಬ್ಬುಗಳ ಪರೀಕ್ಷಕರು ಕೂತಿದ್ದರು, ಅವರೂ ಮಳೆಗೆ ಸಿಕ್ಕಿಕೊಂಡವರೇ. ಅವನು ಹುಯ್ದ ವಾಫಲ್ ದೋಸೆ ಅಚ್ಚಿನ ಕಾವಲಿಗೆ ಅಂಟಿ, ಎಬ್ಬಿಸಿದರೆ ಎರಡು ಹೋಳಾಗಿ, ಹಿಂದೆ ಸಾಲಿನಲ್ಲಿ ನಿಂತವರು ಕೆಮ್ಮುತ್ತಿದ್ದರು. ಆಗ ಮಾರ್ಟಿ ಕೊಲ್ಲಾರ್, 'ರಾತ್ರಿ ಆ ವಾಂಡರ್‌ವೀಲ್‌ನ ನೋಡಿದ್ಯಾ? ಹೆಂಗೆ?' ಎಂದ. ವೆಂಡೆಲ್ ಫೋರ್ಕಿನಿಂದ ಕಾವಲಿ ಕೆರೆಯುತ್ತಲೇ, 'ಹಿಡಿಯೋದ್ರಲ್ಲಿ ದೇವರು. ತಡಿಯೋದ್ರಲ್ಲಿ, ಮನೆ ಬೆಲ್ ಒತ್ತಿ ಓಡಿಹೋಗೋ ಹುಡುಗರಿರ್ತಾರಲ್ಲ, ಹಂಗೆ' ಎಂದುಬಿಟ್ಟ. ಇಡೀ ಮೇಜು ನಕ್ಕಿತು. ಒಬ್ಬನಿಗೆ ಕಿತ್ತಳೆ ರಸ ಮೂಗಿಗೆ ಹತ್ತಿತು. ವೆಂಡೆಲ್ ತಮಾಷೆಯ ಮನುಷ್ಯನಲ್ಲ. ಅವನ ಮಾತಿಗೆ ಅಷ್ಟು ಜನ ಒಟ್ಟಿಗೆ ನಕ್ಕದ್ದು ಯಾವಾಗ ಎಂದು ಅವನಿಗೇ ನೆನಪಿರಲಿಲ್ಲ. ಮುರಿದ ವಾಫಲನ್ನು ತಟ್ಟೆಗೆ ಹಾಕಿಕೊಂಡು ಬಂದು ಕೂತಾಗ ಅದು ರುಚಿಯಾಗಿಯೇ ಇತ್ತು.

ಮಧ್ಯಾಹ್ನ ಊಟದ ಕೋಣೆಯಲ್ಲಿ ಅದೇ ಮಾರ್ಟಿ ಎದುರಾದ. ಅವನೂ ಇದೇ ಹುಡುಗನನ್ನು ನೋಡಲು ಬಂದಿದ್ದ. ಬಟ್ಟಲಿನಲ್ಲಿ ಚಿಲ್ಲಿ ಎಂಬ ಕೆಂಪು ಮಾಂಸದ ಸಾರು, ಪಕ್ಕದಲ್ಲಿ ದಾಲ್ಚಿನ್ನಿಯ ಸಿಹಿ ಬನ್ನು. ಮಾರ್ಟಿ ಬನ್ನನ್ನು ಚಿಲ್ಲಿಗೆ ಅದ್ದಿ ಬಾಯಿಗಿಟ್ಟುಕೊಂಡ.

'ಸುಮ್ನೆ ಪೆಟ್ರೋಲು ಸುಟ್ಟೆ ಮಾರಾಯ. ಇವನಿಗೆ ಹೊಡೆದಾಟ ಆಗಲ್ಲ. ಎಲ್ಲಾರೂ ಅದನ್ನೇ ಹೇಳ್ತಾರೆ, ಬೆಲ್ ಒತ್ತಿ ಓಡೋ ಗಿರಾಕಿ ಅಂತ.'

'ಎಲ್ಲಾರೂ ಅಂದ್ರೆ ಯಾರು?'

'ಎಲ್ಲಾರೂ ಅಂದ್ರೆ ಎಲ್ಲಾರೂ. ದಕ್ಷಿಣದ ಕಡೆ ನಮ್ಮ ಹುಡುಗ ಒಬ್ಬ ಇದಾನೆ, ಅವನು ಈ ಕಡೆ ಕಾಲೇ ಇಟ್ಟಿಲ್ಲ, ಅವನ ಬಾಯಲ್ಲೂ ಅದೇ. ಸುಮ್ಸುಮ್ನೆ ಹೇಳ್ತಾರಾ?'

'ಅದು ನಾನು ಹೇಳಿದ್ದು ಮಾರ್ಟಿ. ಸೆಪ್ಟೆಂಬರಲ್ಲಿ. ನಿನ್ ಎದುರಿಗೇ. ವಾಫಲ್ ಹತ್ರ.'

ಮಾರ್ಟಿ ಅಗಿಯುವುದನ್ನು ನಿಲ್ಲಿಸಿ ಯೋಚಿಸಿದ. ಅವನ ಮುಖದಲ್ಲಿ ಮೋಸವಿರಲಿಲ್ಲ, ಅದೇ ವೆಂಡೆಲ್‌ನನ್ನು ಇನ್ನಷ್ಟು ಕೆರಳಿಸಿತು. 'ಹೋಗೋ. ನೀನೇನೋ ವಾಫಲ್ ಕಂಪನೀನ ಬೈತಿದ್ದೆ. ಈ ಮಾತು ನಾನೇ ಯಾರಿಗೋ ಹೇಳಿದ್ದ ಜ್ಞಾಪಕ.' ಮತ್ತೆ ಅಗಿಯುತ್ತ ಸ್ನೇಹದಿಂದ ಕೇಳಿದ: 'ಬನ್ ತಿನ್ನಲ್ವಾ? ಇಲ್ಲಾಂದ್ರೆ ನಂಗೆ ಕೊಡು.' ವೆಂಡೆಲ್ ತಟ್ಟೆಯನ್ನೇ ತಳ್ಳಿದ. ಒಬ್ಬರ ದರ್ಜೆ ಇನ್ನೊಬ್ಬರಿಗೆ ಹೇಳಬಾರದು ಎಂಬುದು ಈ ಕಸುಬಿನ ನಿಯಮ. ಅದನ್ನು ಎಲ್ಲರೂ ಪಾಲಿಸುತ್ತಾರೆ. ದರ್ಜೆಯನ್ನು ಯಾರೂ ಹೇಳುವುದಿಲ್ಲ, ತಮಾಷೆ ಮಾಡುತ್ತಾರೆ, ಅಷ್ಟೇ. ತಮಾಷೆಗೆ ನಿಯಮವಿಲ್ಲ. ಅದು ಮೋಟೆಲಿನಿಂದ ಮೋಟೆಲಿಗೆ, ಬಾಡಿಗೆ ಕಾರಿನಿಂದ ಬಾಡಿಗೆ ಕಾರಿಗೆ ಹೋಗಿ, ಹೋದಲ್ಲೆಲ್ಲ ಮನೆಯವನಂತೆ ಕೂತು, ಕೊನೆಗೆ ತನ್ನನ್ನು ಹೆತ್ತವನ ಮುಂದೆಯೇ ಬಂದು, ನೀನು ಯಾರು ಎಂದು ಕೇಳುತ್ತದೆ.

ಊಟ ಮುಗಿಸಿ ಬಂದು ಕೊನೆಯ ಮೂರು ಆಟಗಳನ್ನು ಹಾಕಿದ. ಮೊದಲ ನಡೆಗೇ ಬೆನ್ನು ನೆಟ್ಟಗಾಯಿತು. ಇದು ಬೇರೆ ಹುಡುಗನೋ ಎಂದು ಅಂಗಿಯ ಸಂಖ್ಯೆ ನೋಡಿದ. ಅವನೇ. ಅದೇ ಜೋಡಣೆ, ಅದೇ ಕೆಲಸ; ಆದರೆ ಕೇಲಬ್ ಬಿಡುತ್ತಿರಲಿಲ್ಲ. ಅಂಚಿನವನ ಎದೆಗೆ ಎರಡೂ ಕೈ ಹಾಕಿ, ಜಾತ್ರೆಯಲ್ಲಿ ತಾಯಿಯ ಸೆರಗು ಹಿಡಿದ ಮಗುವಿನಂತೆ ಅಂಟಿಕೊಂಡಿದ್ದ. ಪಕ್ಕದ ದಪ್ಪ ಹುಡುಗ ಬಂದು ವಹಿಸಿಕೊಂಡ ಮೇಲೂ ಬಿಡದೆ ಇಬ್ಬರೂ ಒಬ್ಬನನ್ನೇ ತಳ್ಳುತ್ತಿದ್ದರು, ಎರಡನೇ ಸಾಲಿನವನು ಯಾರೂ ತಡೆಯದೆ ಬಂದು ಚೆಂಡಿನವನನ್ನು ಎತ್ತಿ ಒಗೆಯುತ್ತಿದ್ದ. ಮತ್ತೆ ಮತ್ತೆ ಹೀಗೆಯೇ. ಒಂದು ಸಲ ಸೀಟಿ ಊದಿದ ಮೇಲೂ ಕೇಲಬ್ ಹಿಡಿದುಕೊಂಡೇ ಇದ್ದ. ಎದುರಾಳಿ ಅವನ ಶಿರಸ್ತ್ರಾಣಕ್ಕೆ ತಟ್ಟಿ ಏನೋ ಹೇಳಿ ನಕ್ಕ. ಎರಡು ತಿಂಗಳ ಹಿಂದೆ ಸರಿಯಾಗಿ ಮಾಡುತ್ತಿದ್ದದ್ದನ್ನು ಹುಡುಗ ಈಗ ತಪ್ಪಾಗಿ ಮಾಡುತ್ತಿದ್ದ, ಇಡೀ ಮೈಯಿಂದ, ಶ್ರದ್ಧೆಯಿಂದ. ಏನಾಯಿತು ಇವನಿಗೆ? ಗಾಯವೇ? ಮನೆಯಲ್ಲಿ ಏನಾದರೂ ಆಯಿತೇ? ಗೋಡೆಯಾಚೆ ಬಟ್ಟೆಯ ಯಂತ್ರ ನಿಂತಿತು.

ಕಾರಣ ಅಭ್ಯಾಸದ ಮೈದಾನದಲ್ಲಿ ಕೇಳಿಸಿತು. ನವೆಂಬರಿನ ಗಾಳಿ ಜೋಳ ಕೊಯ್ದ ಹೊಲಗಳ ಮೇಲಿಂದ ಬಂದು ಕಣ್ಣಲ್ಲಿ ನೀರು ತರಿಸುತ್ತಿತ್ತು. ವೆಂಡೆಲ್ ಕೋಟಿನ ಕಾಲರು ಎತ್ತಿಕೊಂಡು ಬಿಳಿ ಗೆರೆಯ ಹೊರಗೆ ನಿಂತಿದ್ದ. ಕೇಲಬ್ ಬಗ್ಗಿದ, ಚೆಂಡು ಎದ್ದಿತು, ಅವನ ಕೈ ಅಂಚಿನವನ ಎದೆಗೆ ಬಡಿಯಿತು. ಆ ಕ್ಷಣಕ್ಕೆ ಸರಿಯಾಗಿ ಸಾಲಿನಲ್ಲಿದ್ದ ಐದಾರು ಗಂಟಲುಗಳು ಒಟ್ಟಿಗೆ ಕೂಗಿದವು: 'ಡಿಂಗ್ ಡಾಂಗ್!' ಕೇಲಬ್ ಅಂಟಿಕೊಂಡ. 'ಮನೇಲಿ ಯಾರಿದೀರಾ?' ಎಂದು ಒಬ್ಬ. 'ಅಜ್ಜಿ ಸ್ನಾನಕ್ಕೆ ಹೋಗಿದಾರೆ, ಆಮೇಲೆ ಬಾ' ಎಂದು ಇನ್ನೊಬ್ಬ. ನಗು. ಕೇಲಬ್ ಕೂಡ ನಕ್ಕ, ಹಲ್ಲು ಕಾಯುವ ರಬ್ಬರಿನ ಪಟ್ಟಿಯನ್ನು ಕಚ್ಚಿಕೊಂಡೇ. ಮತ್ತೆ ಬಗ್ಗಿದ. ವೆಂಡೆಲ್ ಈಗ ಬರೀ ಅವನ ಮುಖವನ್ನು ನೋಡುತ್ತಿದ್ದ, ಸೊಂಟವನ್ನಲ್ಲ. ತಾಗುವ ಮೊದಲು ಹುಡುಗನ ರೆಪ್ಪೆ ಒಂದು ಸಲ ಮುಚ್ಚಿತೆ? ಮುಚ್ಚಿದಂತಿತ್ತು. ಅದು ಹೆದರಿಕೆಯೋ, ಗಾಳಿಯೋ? ಮೊದಲಿನಿಂದಲೂ ಮುಚ್ಚುತ್ತಿತ್ತೋ, ಈಗ ಶುರುವಾದದ್ದೋ? ಹಾಗಾದರೆ ಟೀವಿಯಲ್ಲಿ ತಾನು ಕಂಡದ್ದು ನಿಜವೇ ಇರಬಹುದೆ, ಕಾರಣ ಮಾತ್ರ ತಪ್ಪಿರಬಹುದೆ? ಅವನಿಗೆ ತಲೆ ಚಿಟ್ಟುಹಿಡಿಯಿತು. ಅರ್ಧ ಗಂಟೆ ಕಣ್ಣು ಕೀಲಿಸಿ ನೋಡಿದರೂ ಹುಡುಗ ಕಾಣಲಿಲ್ಲ. ಮೆಟ್ಟಿಲ ಮೇಲೆ ನಿಂತು ಬೆಲ್ಲಿಗೆ ಬೆರಳು ಚಾಚಿದ ಚಡ್ಡಿಯ ಪೋರನೊಬ್ಬ ಕಾಣುತ್ತಿದ್ದ. ತನ್ನ ಮಾತೇ ಕಣ್ಣಿಗೆ ಕನ್ನಡಕವಾಗಿ ಕೂತಿತ್ತು, ತೆಗೆಯಲು ಬರುತ್ತಿರಲಿಲ್ಲ.

ಅಭ್ಯಾಸ ಮುಗಿದ ಮೇಲೆ ಟೈಟ್ ಎಂಡ್‌ಗಳ ಕೋಚ್ ಟಕರ್ ಹೈನ್ಸ್ ಅವನ ಹೆಗಲ ಮೇಲೆ ಕೈಹಾಕಿ, 'ಬನ್ನಿ ಬನ್ನಿ, ಒಂದು ಮಜಾ ತೋರಿಸ್ತೀನಿ' ಎಂದು ಮೇಲಿನ ಅಂತಸ್ತಿಗೆ ಕರೆದೊಯ್ದ. ಮೂವತ್ತು ದಾಟಿದ, ಸದಾ ಚ್ಯೂಯಿಂಗ್ ಗಮ್ ಅಗಿಯುವ ಉತ್ಸಾಹಿ. ತಮ್ಮ ಸಭೆಯ ಕೋಣೆಯ ಬಾಗಿಲ ಪಕ್ಕದಲ್ಲಿ ಅವನು ಮನೆಗಳಿಗೆ ಹಾಕುವಂಥ ಬಿಳಿಯ ಬೆಲ್ ಒಂದನ್ನು ಹಾಕಿಸಿದ್ದ. ಒತ್ತಿದ. ಒಳಗೆ ಇಂಪಾದ ಎರಡು ಸ್ವರ.

'ಒಳಗೆ ಬರೋರೆಲ್ಲ ಒತ್ತಬೇಕು. ನಾನೂ ಅಷ್ಟೇ, ದೊಡ್ಡ ಕೋಚೂ ಅಷ್ಟೇ. ಬೆಲ್ ಆದ್ರೆ ಕೇಲಬ್ಬೇ ಎದ್ದು ಬಂದು ತೆಗೀಬೇಕು.'

ಇನ್ನೂ ಯಾರೂ ಬಂದಿರಲಿಲ್ಲ, ಟಕರ್ ತನ್ನ ಕೀಲಿಯಿಂದಲೇ ಬಾಗಿಲು ತೆಗೆದ. ಒಳಗೆ ಹೀಟರಿನ ಸೆಕೆ. ವೆಂಡೆಲ್ ಕೋಟು ತೆಗೆದು ಕುರ್ಚಿಗೆ ಹಾಕಿದ. 'ಯಾಕೆ?' ಎಂದು ಕೇಳಿದ, ಗೊತ್ತಿದ್ದೂ.

'ಯಾಕೆ ಅಂದ್ರೆ? ನಿಮ್ಮೋರೇ ತಾನೆ ಹೇಳಿದ್ದು! ಬಂದ ಬಂದ ಕ್ಲಬ್ಬಿನೋರೆಲ್ಲ ಅದೇ ರಾಗ. ಹುಡುಗನಿಗೆ ರೋಷ ಬರಲಿ ಅಂತ ಹಾಕ್ಸಿದೆ. ಬಂತು ನೋಡಿ! ಈಗ ಹಿಡಿದ್ರೆ ಬಿಡಲ್ಲ.'

'ಎರಡನೇ ಸಾಲಿನೋನು ಖಾಲಿ ಬರ್ತಿದಾನಲ್ಲ ಕೋಚ್. ನೀವೇ ಅಲ್ವಾ ಮುಟ್ಟಿ ಬಿಡು ಅಂತ ಹೇಳಿಕೊಟ್ಟಿದ್ದು?'

ಟಕರ್ ಅಗಿಯುವುದನ್ನು ನಿಲ್ಲಿಸದೆ ಬಾಗಿಲ ಕಡೆ ಒಮ್ಮೆ ನೋಡಿದ. 'ಹೇಳಿಕೊಟ್ಟಿದ್ದು ನಾನೇ. ಆದ್ರೆ ಸ್ವಾಮಿ, ನಂಗೆ ನಾಲ್ಕು ಆಟ ಗೆಲ್ಲೋದಕ್ಕಿಂತ ಒಬ್ಬ ಹುಡುಗ ನಿಮ್ಮಂಥ ಕ್ಲಬ್ಬಿಗೆ ಹೋಗೋದು ಮುಖ್ಯ, ಅವನು ಹೋದ್ರೆ ಮುಂದಿನ ವರ್ಷ ಇಲ್ಲಿಗೆ ಹತ್ತು ಹುಡುಗರು ಬರ್ತಾರೆ. ನಿಮಗೆ ಏನು ಬೇಕೋ ಅದನ್ನ ತೋರಿಸ್ತಿದೀವಿ. ಈಗ ಅದೂ ಬೇಡ ಅಂದ್ರೆ ನಾವೇನು ಮಾಡಣ?' ಅಷ್ಟರಲ್ಲಿ ವೆಂಡೆಲ್‌ನ ಜೇಬಿನಲ್ಲಿ ಫೋನು ನಡುಗಿತು. ರೋಲಂಡ್. ಕೈಸನ್ನೆ ಮಾಡಿ ಹೊರಗೆ ಬಂದ, ಹಜಾರದಲ್ಲಿ ಹುಡುಗರ ಗದ್ದಲ, ಮೆಟ್ಟಿಲಿಳಿದ, ಅಲ್ಲೂ ಗದ್ದಲ. ಕೊನೆಗೆ ಕಾರುಗಳ ನಡುವೆ ಬರೀ ಅಂಗಿಯಲ್ಲಿ ನಿಂತು ಫೋನು ಕಿವಿಗಿಟ್ಟ.

'ಹೇಳಯ್ಯಾ, ಎಷ್ಟನೇ ಸುತ್ತು?'

'ಮೂರನೇದು.'

'ಮೂರನೇದಾ? ಚಳಿ ತಲೆಗೆ ಹತ್ತಿದೆ ನಿಂಗೆ. ಮಾಹಿತಿ ಕಳಿಸೋ ಸಂಸ್ಥೆಯೋರು ಬೆಲ್ ಒತ್ತಿ ಓಡ್ತಾನೆ ಅಂತಿದಾರೆ. ನಮ್ಮ ಪೂರ್ವದ ಹುಡುಗನೂ ಅದನ್ನೇ ಅಂದ. ಇನ್ನೊಂದು ಕ್ಲಬ್ಬಲ್ಲಿರೋ ನನ್ನ ಹಳೇ ದೋಸ್ತ್ ಒಬ್ಬ, ಅವನೂ ಅದನ್ನೇ. ಒಬ್ಬರ ಮುಖ ಒಬ್ಬರು ನೋಡಿಲ್ಲ. ಮೂರು ಜನ ಮೂರು ಕಡೆಯಿಂದ ಒಂದೇ ಮಾತು ಹೇಳಿದ್ರೆ, ನಾನು ಏನು ತಿಳ್ಕೋಬೇಕು?'

'ಮೂರು ಜನ ಅಲ್ಲ ರೋಲಂಡ್. ಒಬ್ನೇ. ಆ ಮಾತು ನಂದು. ಸೆಪ್ಟೆಂಬರಲ್ಲಿ ತಿಂಡಿ ತಿಂತಾ ತಮಾಷೆಗೆ ಅಂದಿದ್ದು. ಅದೇ ಸುತ್ತಾಡಿಕೊಂಡು ನಿನ್ ಹತ್ರ ಬಂದಿದೆ.'

ಆ ಕಡೆಯಿಂದ ಎದೆ ತುಂಬಿದ ನಗು. 'ನಿಂದಾ ಅದು? ಭೇಷ್! ನಾನು ಅಂದ್ಕೊಂಡೆ, ಯಾವನೋ ಭಾರೀ ಚುರುಕು ಕಣ್ಣಿನೋನು ಅಂತ. ನಾಳೆ ಮೀಟಿಂಗಲ್ಲಿ ಮಾಲೀಕರಿಗೆ ಹೇಳ್ತೀನಿ ಬಿಡು, ನಮ್ಮ ವೆಂಡೆಲ್‌ದೇ ಅಂತ.'

'ನಾನು ಹೇಳ್ತಿರೋದು, ಅದು ತಪ್ಪು ಅಂತ! ಮುಟ್ಟಿ ಬಿಡೋದೇ ಅವನ ಕೆಲಸ ಆಗಿತ್ತು. ಫಿಲಂ ಇದೆ, ನೋಡು.'

'ಕೊನೇ ಮೂರು ಆಟದ ಫಿಲಮ್ಮೂ ಇದೆ. ಗೋಂದು ಹಚ್ಚಿದ ಹಾಗೆ ಅಂಟ್ಕೋತಾನೆ.'

'ಅದು ಆ ಮಾತು ಕೇಳಿ ಕೇಳಿ ಆಗಿದ್ದು. ಇಲ್ಲಿ ಬಾಗಿಲಿಗೆ ಬೆಲ್ ಹಾಕಿಸಿದಾರೆ ಮಾರಾಯ, ನಿಜವಾದ ಬೆಲ್ಲು.'

'ಹೌದಾ?' ರೋಲಂಡ್ ಈಗ ನಗಲಿಲ್ಲ. ತಣ್ಣಗೆ, ಮಗುವಿಗೆ ಹೇಳುವಂತೆ ಹೇಳಿದ: 'ಹಂಗಾದ್ರೆ ಕೇಳು. ಒಂದು ತಮಾಷೆಗೆ ಕೆಟ್ಟುಹೋಗೋ ಹುಡುಗ, ಎಪ್ಪತ್ತು ಸಾವಿರ ಜನ ಅವನ ತಾಯಿನ ಎತ್ತಿ ಬೈಯೋ ಮೈದಾನದಲ್ಲಿ ಏನು ಮಾಡ್ತಾನೆ? ನೀನು ಮೂರನೇದು ಅಂತ ಬರಿ, ನಾನು ತಡೆಯಲ್ಲ. ನಾನು ಏಳನೇದರಲ್ಲಿ ಇಡ್ತೀನಿ.' ಫೋನು ಕಟ್ಟಾಯಿತು.

ವೆಂಡೆಲ್ ಕಾರಿನ ಗಾಜಿನಲ್ಲಿ ತನ್ನ ನೆರಳನ್ನೇ ನೋಡುತ್ತ ನಿಂತ. ರೋಲಂಡನ ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ಮೈ ಉರಿಸಿದ್ದು. ತಾನು ಮಾಡಿದ ಗಾಯವನ್ನು ತೋರಿಸಿದರೆ, ನೋಡು ಎಷ್ಟು ಬೇಗ ಗಾಯವಾಗುವ ಚರ್ಮ ಎಂದ ಹಾಗೆ. ಗಾಳಿ ಅಂಗಿಯೊಳಗೆ ತೂರಿತು. ಕೋಟು ಮೇಲೆಯೇ ಉಳಿದಿತ್ತು, ಕಾರಿನ ಕೀಲಿ ಕೋಟಿನಲ್ಲಿತ್ತು. ಎಲ್ಲಿಗಾದರೂ ಸರಿ ಹೊರಟುಬಿಡೋಣವೆಂದರೆ ಅದಕ್ಕೂ ಆ ಕೋಣೆಗೇ ಹೋಗಬೇಕು. ಮೆಟ್ಟಿಲು ಹತ್ತಿದ. ಬಾಗಿಲು ತಾನಾಗಿ ಬೀಗ ಬೀಳುವಂಥದ್ದು. ಕೈಯಿಂದ ತಟ್ಟಿದ, ಒಳಗೆ ಯಾವುದೋ ಆಟದ ಫಿಲಂ ಓಡುತ್ತಿದ್ದ ಸದ್ದಿತ್ತು, ಯಾರೂ ತೆಗೆಯಲಿಲ್ಲ. ತಟ್ಟಿದರೆ ತೆಗೆಯುವುದಿಲ್ಲ ಎಂಬುದು ಇಲ್ಲಿಯ ನಿಯಮ. ಬಿಳಿಯ ಗುಂಡಿ ಅವನ ಎದೆಯ ಎತ್ತರಕ್ಕೆ ಸರಿಯಾಗಿ ಇತ್ತು. ಒತ್ತಿದ. ಇಂಪಾದ ಎರಡು ಸ್ವರ. ಫಿಲಂ ನಿಂತಿತು. ಭಾರವಾದ ಹೆಜ್ಜೆಗಳು ಬಾಗಿಲ ಕಡೆ ಬರತೊಡಗಿದವು, ಮತ್ತು ಐವತ್ತೆಂಟು ವರ್ಷದ ವೆಂಡೆಲ್‌ನ ಬಲಗಾಲಿನ ಹಿಮ್ಮಡಿ ತನಗೆ ತಾನೇ ಮೆಟ್ಟಿಲ ಕಡೆಗೆ ತಿರುಗಿತು. ಅವನು ಅದನ್ನು ಗಮನಿಸಿದ. ಗಮನಿಸುವುದೇ ಅವನ ಕಸುಬು.

ಕೇಲಬ್ ಬಾಗಿಲು ತೆಗೆದ. ಒದ್ದೆ ಕೂದಲು, ಮೊಣಕೈಗೆ ಕಟ್ಟಿದ ಐಸಿನ ಚೀಲ. 'ನಿಮ್ಮ ಕೋಟಾ ಸರ್?' ಎಂದು ತಾನೇ ತಂದು, ಹಿರಿಯರಿಗೆ ಹಿಡಿಯುವಂತೆ ಎರಡೂ ಭುಜ ಬಿಡಿಸಿ ಹಿಡಿದ. ವೆಂಡೆಲ್ ಬೆನ್ನು ತಿರುಗಿಸಿ ಒಂದು ತೋಳು ತೂರಿಸಿದ. ಮುಖ ಕಾಣದಿದ್ದದ್ದರಿಂದಲೋ ಏನೋ ಮಾತು ಬಂತು.

'ಆ ಅಂಚಿನೋನನ್ನ ಬಿಟ್ಟು ಹೋಗು. ಮುಟ್ಟು, ಬಿಡು, ಮುಂದಿನ ಸಾಲಿಗೆ ಹೋಗು. ಮೊದಲು ಮಾಡ್ತಿದ್ಯಲ್ಲ, ಅದೇ ಸರಿ.'

'ಅದು ನಿಮ್ಮೋರಿಗೆ ಆಗಲ್ವಂತಲ್ಲ ಸರ್.'

'ಯಾರು ಹೇಳಿದ್ದು?'

'ಎಲ್ಲಾರೂ.'

'ಎಲ್ಲಾರೂ ಅಲ್ಲ.' ಇನ್ನೊಂದು ತೋಳು ಸಿಗದೆ ಕೈ ಗಾಳಿಯಲ್ಲಿ ತಡಕಾಡುತ್ತಿತ್ತು. 'ನಾನೊಬ್ಬನೇ. ಆ ಬೆಲ್ಲಿನ ಮಾತು ಮೊದಲು ಅಂದಿದ್ದು ನಾನು.'

ಕೋಟು ಹಿಡಿದ ಕೈಗಳು ಒಂದು ಕ್ಷಣ ಅಲ್ಲಾಡಲಿಲ್ಲ. ಆಮೇಲೆ ತೋಳು ಸರಿಯಾದ ಜಾಗಕ್ಕೆ ಬಂತು, ಕೋಟು ಭುಜದ ಮೇಲೆ ಕೂತಿತು. ವೆಂಡೆಲ್ ತಿರುಗಿದ. ಹುಡುಗ ಅವನನ್ನು ನೋಡುತ್ತಿದ್ದ. ಮುಖದಿಂದ ಶುರುಮಾಡಿ ಭುಜಕ್ಕೆ, ಹೊಟ್ಟೆಗೆ, ಸೊಂಟಕ್ಕೆ, ಅಲ್ಲಿಂದ ಇನ್ನೂ ಮೆಟ್ಟಿಲ ಕಡೆಗೇ ತಿರುಗಿದ್ದ ಹಿಮ್ಮಡಿಗೆ ಅವನ ಕಣ್ಣು ಅವಸರವಿಲ್ಲದೆ ಇಳಿಯಿತು, ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಇಪ್ಪತ್ತಾರು ವರ್ಷದಲ್ಲಿ ಯಾರೂ ವೆಂಡೆಲ್‌ನನ್ನು ಹಾಗೆ ನೋಡಿರಲಿಲ್ಲ.

'ಯಾವ ಆಟ ಸರ್?'

'ಎರಡನೇದು.'

'ಕ್ಯಾಮೆರಾ ಎಲ್ಲಿತ್ತು?'

'ಟೀವೀಲಿ ನೋಡಿದ್ದು.'

ಕೇಲಬ್ ತಲೆಯಾಡಿಸಿದ. ಸಿಟ್ಟೇನೂ ಕಾಣಲಿಲ್ಲ, ಒಂದು ಲೆಕ್ಕ ಸರಿಹೋದವನಂತೆ ಐಸಿನ ಚೀಲವನ್ನು ಮೊಣಕೈಗೆ ಒತ್ತಿಕೊಂಡ.

'ನಮ್ಮಜ್ಜಿನೂ ಟೀವೀಲೇ ನೋಡೋದು ಸರ್,' ಎಂದ. 'ಅವರೂ ಆವತ್ತು ಫೋನ್ ಮಾಡಿ ಕೇಳಿದ್ರು, ಅವನನ್ನ ಯಾಕೋ ಬಿಟ್ಟೆ ಅಂತ. ಹೇಳಿದ ಮೇಲೆ ಅವರಿಗೆ ಅರ್ಥ ಆಯ್ತು.'

ಬಾಗಿಲು ಮೆಲ್ಲಗೆ ಮುಚ್ಚಿ ಬೀಗ ಬಿತ್ತು. ಒಳಗೆ ಫಿಲಂ ಮತ್ತೆ ಓಡತೊಡಗಿತು, ನಿಂತಿತು, ಹಿಂದಕ್ಕೆ ಹೋಯಿತು, ತಡೆಯಿಲ್ಲದೆ, ಸರಾಗವಾಗಿ, ಮತ್ತೆ ಓಡತೊಡಗಿತು.